ಅಮ್ಮನಿಗೊಂದು ಹೊಸ ಫೋನು

ಅಣ್ಣನಿಗೆ ಗಿಡ್ಡವಾದ ಅಂಗಿ ತಮ್ಮನಿಗೆ. ತಮ್ಮನಿಗೂ ಬಿಗಿಯಾದ ಮೇಲೆ ಅದು ಚಿಕ್ಕಪ್ಪನ ಮಗನಿಗೆ. ಅವನೂ ತೊಟ್ಟು ಸವೆಸಿದ ಮೇಲೆ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ. ನಮ್ಮ ಮಧ್ಯಮ ವರ್ಗದ ಸಂಸಾರಗಳಲ್ಲಿ ವಸ್ತುಗಳು ನಡೆದುಬರುತ್ತಿದ್ದ ದಾರಿ ಇದು. ಶಾಲೆಯ ಪುಸ್ತಕ, ಕೈಗಡಿಯಾರ, ಸೈಕಲ್ಲು ಎಲ್ಲವೂ ಹಿರಿಯರಿಂದ ಕಿರಿಯರ ಕಡೆಗೆ ಇಳಿದು ಬರುತ್ತಿದ್ದವು. ಈ ನಿಯಮವನ್ನು ತಲೆಕೆಳಗು ಮಾಡಿದ ಪದಾರ್ಥ ನನಗೆ ತಿಳಿದಂತೆ ಒಂದೇ ಒಂದು: ಅಂಗೈಯಲ್ಲಿ ಹಿಡಿಯುವ ಸ್ಮಾರ್ಟ್‌ಫೋನು. ಇದು ಕಿರಿಯರಿಂದ ಹಿರಿಯರಿಗೆ ಏರಿಹೋಗುತ್ತದೆ. ಹೊಸದು ಕಾಲೇಜು ಹುಡುಗನ ಕೈಗೆ, ಅವನದು ಅಕ್ಕನಿಗೆ, ಅಕ್ಕನದು ಅಮ್ಮನಿಗೆ, ಗಾಜು ಸೀಳಿದ, ಮಧ್ಯಾಹ್ನದೊಳಗೆ ಚಾರ್ಜು ತೀರಿ ಮಲಗುವ ನಾಲ್ಕನೆಯ ಕೈಯದು ಅಜ್ಜಿಗೆ. ‘ಅವರಿಗೇನು, ಮಾತನಾಡಲು ಬಂದರೆ ಸಾಕಲ್ಲ’ ಎಂಬ ಸಮಾಧಾನದ ಮಾತೂ ಅದರ ಜೊತೆಗೇ ಹೋಗುತ್ತದೆ.

ಇದರಲ್ಲಿ ಹಿರಿಯರಿಗೆ ಅನ್ಯಾಯವಾಗುತ್ತದೆಯೆಂಬುದು ಹಾಗಿರಲಿ. ಅಪಾಯವೂ ಇದೆಯೆಂಬುದನ್ನು ಬಲ್ಲವರು ಕಡಮೆ. ಕಳೆದ ದೀಪಾವಳಿಗೆ ಮುನ್ನ ನಮ್ಮ ಮನೆಯಲ್ಲಿ ಫೋನು ಕೊಳ್ಳುವ ಪ್ರಸಂಗ ಒದಗಿದಾಗ ಈ ವಿಷಯವೇ ದೊಡ್ಡ ಚರ್ಚೆಗೆ ಕಾರಣವಾಯಿತು.

ನಮ್ಮದು ಮೈಸೂರಿನಲ್ಲಿ ಆರು ಜನರ ಸಂಸಾರ. ನಾನು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಪತ್ನಿ, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ, ಇಂಜಿನಿಯರಿಂಗಿನ ಕೊನೆಯ ವರ್ಷ ಓದುತ್ತ ನಮ್ಮೊಡನಿರುವ ಭಾವಮೈದುನ, ಮತ್ತು ನಮ್ಮ ತಾಯಿ. ತಂದೆಯವರು ಅಂಚೆ ಇಲಾಖೆಯಲ್ಲಿದ್ದವರು; ಅವರ ಕಾಲಾನಂತರ ಕುಟುಂಬ ಪಿಂಚಣಿ ತಾಯಿಗೆ ಬರುತ್ತದೆ. ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಐದರ ಗುಂಡಿಯ ಮೇಲಿನ ಅಂಕೆ ಅಳಿಸಿಹೋಗಿತ್ತು. ಬ್ಯಾಂಕಿನಿಂದ ಸಂದೇಶ ಬಂದರೆ ಅದು ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರಗಳಲ್ಲಿ. ಅಮ್ಮ ಮೊಮ್ಮಗನನ್ನು ಕೂಗುವರು. ಅವನು ಪಡಸಾಲೆಯ ನಡುವೆ ನಿಂತು ಪಾಠ ಒಪ್ಪಿಸುವ ಧಾಟಿಯಲ್ಲಿ ಅದನ್ನು ಗಟ್ಟಿಯಾಗಿ ಓದುವನು. ಹೀಗಾಗಿ ಅಮ್ಮನ ಖಾತೆಯಲ್ಲಿ ಎಷ್ಟು ಹಣವಿದೆಯೆಂಬುದು ಅಮ್ಮನಿಗಿಂತ ಮೊದಲು ಅವನಿಗೆ, ಅವನ ನಂತರ ನಮಗೆಲ್ಲರಿಗೆ, ಕಿಟಕಿ ತೆರೆದಿದ್ದರೆ ಎದುರುಮನೆಯವರಿಗೂ ತಿಳಿಯುತ್ತಿತ್ತು. ಓ.ಟಿ.ಪಿ. ಎಂಬ ಗುಟ್ಟಿನ ಸಂಖ್ಯೆಯನ್ನು ಯಾರಿಗೂ ಹೇಳಬಾರದೆಂದು ಬ್ಯಾಂಕಿನವರು ಎಚ್ಚರಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಡಂಗುರವಾಗುತ್ತಿತ್ತು.

ಅಂಚೆ ಕಚೇರಿಯಲ್ಲಿ ಐದು ವರ್ಷ ತಿಂಗಳು ತಿಂಗಳು ಕಟ್ಟಿದ ಆರ್.ಡಿ. ಅವಧಿ ಮುಗಿದು ಕೈಗೆ ಬಂದ ದಿನ ಅಮ್ಮ ಊಟಕ್ಕೆ ಬಡಿಸುತ್ತಲೇ ಹೇಳಿದರು: “ನನಗೊಂದು ಫೋನು ಬೇಕು ಕಣಪ್ಪ. ನೀವೆಲ್ಲ ಒತ್ತುತ್ತೀರಲ್ಲ, ಅಂಥದು. ದುಡ್ಡು ನನ್ನದು. ಇಪ್ಪತ್ತು ಸಾವಿರದೊಳಗೆ ಆಗಬೇಕು.”

ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಬಳಿಕ ಭಾವಮೈದುನ ತನ್ನ ಲೆಕ್ಕವನ್ನು ಮುಂದಿಟ್ಟ. “ಅತ್ತೆಗೆ ಅಷ್ಟು ದೊಡ್ಡ ಫೋನು ಯಾಕೆ ಭಾವ? ನನ್ನದು ಚೆನ್ನಾಗಿಯೇ ಇದೆ, ಅದನ್ನು ಅವರಿಗೆ ಕೊಡೋಣ. ಹೊಸದನ್ನು ನಾನಿಟ್ಟುಕೊಂಡರೆ ಇಂಟರ್‌ವ್ಯೂಗಳಿಗೂ ಅನುಕೂಲ.” ಹುಡುಗ ದುರಾಸೆಯವನಲ್ಲ. ಅವನು ಹೇಳಿದ್ದು ನಾಡಿನ ಬಹುಪಾಲು ಮನೆಗಳಲ್ಲಿ ಆಗಲೇ ರೂಢಿಯಾಗಿರುವ ನ್ಯಾಯವನ್ನೇ. ಮಗಳು ತಕ್ಷಣ ಕ್ಯಾಮೆರಾ ಒಳ್ಳೆಯದಿರಲೆಂದಳು. ಮಗ ಆಟಗಳ ಹೆಸರು ಹೇಳತೊಡಗಿದ. ಅಮ್ಮನ ಫೋನಿಗೆ ಅಮ್ಮನನ್ನು ಬಿಟ್ಟು ಉಳಿದವರೆಲ್ಲರೂ ಹಕ್ಕುದಾರರಾದರು.

ಫೋನೆಂಬುದು ಹಿಂದೆ ಮನೆಗೇ ಸೇರಿದ್ದಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸಿನ ಕಪ್ಪು ಟೆಲಿಫೋನು ಬೀದಿಗೊಬ್ಬರ ಮನೆಯಲ್ಲಿದ್ದರೆ ಹೆಚ್ಚು. ಅದರ ಸಂಖ್ಯೆಯನ್ನೇ ಅಕ್ಕಪಕ್ಕದವರು ‘ಪಿ.ಪಿ. ನಂಬರ್’ ಎಂದು ತಮ್ಮ ಬಂಧುಗಳಿಗೆ ಕೊಡುತ್ತಿದ್ದರು. ಸಂಪರ್ಕಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದವರಿದ್ದರು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆ ದಿನಗಳಲ್ಲಿ ಬಂದ ಕರೆಗೂ ಹಣ ತೆರಬೇಕಾಗಿತ್ತು. 2003ರಲ್ಲಷ್ಟೇ ಆ ಹೊರೆ ತಪ್ಪಿತು. ಅಲ್ಲಿಂದೀಚೆಗೆ ಫೋನು ಹಜಾರವನ್ನು ಬಿಟ್ಟು ಒಬ್ಬೊಬ್ಬರ ಜೇಬು ಸೇರಿತು. ಸೇರಿತೆಂದೇನೋ ಅನ್ನುತ್ತೇವೆ, ಮನೆಯ ಹಿರಿಯರ ಮಟ್ಟಿಗೆ ಅದು ಇಂದಿಗೂ ಪಿ.ಪಿ. ನಂಬರೇ.

ಭಾವಮೈದುನನ ಸಲಹೆಗೆ ಅಡ್ಡಿ ಹೇಳಿದವಳು ನನ್ನ ಪತ್ನಿ. ಅವನ ಫೋನನ್ನು ತೆಗೆದುಕೊಂಡು ಸೆಟ್ಟಿಂಗ್ಸ್ ತೆರೆದು, ಫೋನಿನ ವಿವರಗಳಿರುವ ಪುಟದಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ಎಂಬ ಸಾಲನ್ನು ತೋರಿಸಿದಳು. ಅಲ್ಲಿದ್ದ ತೇದಿ 2022ರ ಸೆಪ್ಟೆಂಬರ್. “ಇದಾದ ಮೇಲೆ ಈ ಫೋನಿಗೆ ದುರಸ್ತಿಯೇ ಬಂದಿಲ್ಲ. ಇದರಲ್ಲಿ ಅತ್ತೆಯ ಪಿಂಚಣಿ ಖಾತೆ ಇಡೋದೇ?” ಎಂದಳು.

ಈ ಸಾಲಿನ ಅರ್ಥವನ್ನು ಕೊಂಚ ಬಿಡಿಸಿ ಹೇಳಬೇಕು. ಫೋನು ಹಿತ್ತಾಳೆಯ ಚೊಂಬಿನಂತೆ ಒಮ್ಮೆ ಎರಕ ಹೊಯ್ದರೆ ಮುಗಿಯಿತೆನ್ನುವ ವಸ್ತುವಲ್ಲ. ಅದನ್ನು ನಡೆಸುವ ಆಂಡ್ರಾಯ್ಡ್ ಎಂಬ ತಂತ್ರಾಂಶದಲ್ಲಿ ಲಕ್ಷಾಂತರ ಸಾಲುಗಳ ಬರವಣಿಗೆಯಿರುತ್ತದೆ. ಅದರಲ್ಲಿ ಬಿರುಕುಗಳು ಆಗಾಗ ಕಾಣಿಸುತ್ತಲೇ ಇರುತ್ತವೆ. 2015ರ ಜುಲೈಯಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ಅಂಥದೊಂದು ಬಿರುಕು ಬಯಲಿಗೆ ಬಂದಿತು. ಮೋಸದ ಒಂದು ಚಿತ್ರಸಂದೇಶವನ್ನು ಕಳಿಸಿಯೇ ಪರರ ಫೋನಿನೊಳಗೆ ನುಸುಳಬಹುದಾಗಿತ್ತು. ಅದೇ ಆಗಸ್ಟಿನಿಂದ ಗೂಗಲ್ ಸಂಸ್ಥೆ ತಿಂಗಳು ತಿಂಗಳೂ ಇಂಥ ಬಿರುಕುಗಳಿಗೆ ತೇಪೆಯನ್ನು ಹೊರಡಿಸುವ ಪದ್ಧತಿಯನ್ನು ಆರಂಭಿಸಿತು. ಆದರೆ ಆ ತೇಪೆ ನಮ್ಮ ಫೋನಿಗೆ ತಲುಪಬೇಕಾದರೆ ಫೋನು ತಯಾರಿಸಿದ ಕಂಪೆನಿ ಅದನ್ನು ತನ್ನ ಮಾದರಿಗೆ ಹೊಂದಿಸಿ ಕಳಿಸಬೇಕು. ಎಷ್ಟು ವರ್ಷ ಕಳಿಸುವುದೆಂಬುದು ಆ ಕಂಪೆನಿಯ ಇಚ್ಛೆ. ಅಗ್ಗದ ಮಾದರಿಗಳಲ್ಲಿ ಎರಡು ಮೂರು ವರ್ಷಕ್ಕೇ ಅದು ನಿಂತುಹೋದದ್ದುಂಟು. ನಿಂತದ್ದು ಬಳಸುವವರಿಗೆ ತಿಳಿಯುವುದಿಲ್ಲ. ಮಲೆನಾಡಿನ ಮನೆಗೆ ಮಳೆಗಾಲಕ್ಕೆ ಮುಂಚೆ ಬಂದು ಹೆಂಚು ಕೈಯಾಡಿಸಿ ಹೋಗುತ್ತಿದ್ದವನು ಒಂದು ವರ್ಷ ಬರುವುದನ್ನೇ ಬಿಟ್ಟರೆ ಮನೆ ನೋಡುವುದಕ್ಕೆ ಮೊದಲಿನಂತೆಯೇ ಇರುತ್ತದೆ, ಮಳೆ ಬರುವವರೆಗೆ.

ಈಗ ಆ ಕಿರಿಯರಿಂದ ಹಿರಿಯರಿಗೆ ಏರುವ ಏಣಿಯನ್ನು ಮತ್ತೆ ನೋಡಿರಿ. ದುರಸ್ತಿ ನಿಂತ ಫೋನು ಯಾರ ಪಾಲಿಗೆ ಬರುತ್ತಿದೆ? ಜೀವಮಾನದ ಉಳಿತಾಯ ಯಾರ ಹೆಸರಿನಲ್ಲಿದೆಯೋ ಅವರ ಪಾಲಿಗೆ. ಭಾವಮೈದುನನ ಖಾತೆಗೆ ಕನ್ನ ಹಾಕಿದ ಕಳ್ಳನಿಗೆ ಕ್ಯಾಂಟೀನಿನ ಬಾಕಿಯಲ್ಲದೆ ಬೇರೇನೂ ಸಿಕ್ಕುವಂತಿಲ್ಲ. ಅವನೂ ಇದನ್ನು ಒಪ್ಪಿ ನಕ್ಕ.

ಮುಂದಿನ ಭಾನುವಾರ ಆರು ಜನವೂ ದೇವರಾಜ ಅರಸು ರಸ್ತೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಹಬ್ಬದ ಕಾಲ, ಬಾಗಿಲಲ್ಲೇ ಚೆಂಡುಹೂವಿನ ತೋರಣ, ಒಳಗೆ ಕಣ್ಣು ಕೋರೈಸುವ ದೀಪ. ಉದ್ದನೆಯ ಮೇಜುಗಳ ಮೇಲೆ ಕೊರಳಿಗೆ ತಂತಿ ಕಟ್ಟಿಸಿಕೊಂಡ ಫೋನುಗಳು, ಸಂತೆಗೆ ಬಂದ ಕರುಗಳ ಹಾಗೆ. ನಮ್ಮನ್ನು ನೋಡಿದೊಡನೆ ಬಣ್ಣಬಣ್ಣದ ಅಂಗಿಯ ನಾಲ್ವರು ಹುಡುಗರು ನಾಲ್ಕು ದಿಕ್ಕಿನಿಂದ ಬಂದರು. ಇಂಥ ಅಂಗಡಿಗಳಲ್ಲಿ ‘ಇದನ್ನೇ ತೆಗೆದುಕೊಳ್ಳಿ’ ಎನ್ನುವ ಹುಡುಗರಲ್ಲಿ ಎಷ್ಟೋ ಮಂದಿ ಅಂಗಡಿಯ ನೌಕರರಲ್ಲ. ಬೇರೆ ಬೇರೆ ಫೋನ್ ಕಂಪೆನಿಗಳು ತಮ್ಮ ಸರಕನ್ನು ಹೊಗಳಲೆಂದೇ ನಿಲ್ಲಿಸಿದವರು. ಅಂಗಿಯ ಮೇಲಿನ ಹೆಸರನ್ನು ಓದಿಕೊಂಡರೆ ಸಲಹೆಯ ಅರ್ಧ ಅರ್ಥ ಆಗಲೇ ಆಗಿಬಿಡುತ್ತದೆ. ಪಾಪ, ತಿಂಗಳಿಗಿಷ್ಟು ಮಾರಬೇಕೆಂಬ ಗುರಿಯ ಕೆಳಗೆ ದುಡಿಯುವ ಹುಡುಗರು. ಅವರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ.

ಅವರು ಹೇಳುವುದೆಲ್ಲ ಸಂಖ್ಯೆಗಳು. ಕ್ಯಾಮೆರಾ ಐವತ್ತು ಮೆಗಾಪಿಕ್ಸೆಲ್, ಬ್ಯಾಟರಿ ಐದು ಸಾವಿರ, ರ‍್ಯಾಮ್ ‘ಎಂಟು ಪ್ಲಸ್ ಎಂಟು’. ನನ್ನ ಪತ್ನಿ ಗಣಿತದವಳಾದ್ದರಿಂದ ಈ ಪ್ಲಸ್ಸನ್ನು ಕಂಡು ಸುಮ್ಮನಿರಲಿಲ್ಲ. ವಿಚಾರಿಸಿದಾಗ ಮೊದಲಿನ ಎಂಟು ನಿಜವಾದದ್ದು. ಎರಡನೆಯ ಎಂಟು ಫೋನಿನ ಉಗ್ರಾಣದಿಂದ ಕಡ ತಂದದ್ದು ಎಂದು ತಿಳಿಯಿತು. ಚಿತ್ರಗಳನ್ನಿಡುವ ಜಾಗದಲ್ಲಿ ಒಂದಿಷ್ಟನ್ನು ರ‍್ಯಾಮಿನ ಕೆಲಸಕ್ಕೆ ಹಚ್ಚುತ್ತಾರೆ. ಅದು ನಿಜವಾದ ರ‍್ಯಾಮಿನಷ್ಟು ಚುರುಕಾಗಿರುವುದಿಲ್ಲ. ಕ್ಯಾಮೆರಾದ ಐವತ್ತೂ ಹಾಗೆಯೇ. ಸಾಮಾನ್ಯವಾಗಿ ನಾಲ್ಕು ಸಣ್ಣ ಬಿಂದುಗಳನ್ನು ಒಂದಾಗಿ ಕೂಡಿಸಿ ಹನ್ನೆರಡೂವರೆ ಮೆಗಾಪಿಕ್ಸೆಲಿನ ಚಿತ್ರವನ್ನೇ ಅದು ಕೊಡುವುದು. ಮಬ್ಬು ಬೆಳಕಿನಲ್ಲಿ ಚಿತ್ರ ತಿಳಿಯಾಗಿ ಬರಲು ಇದರಿಂದ ಅನುಕೂಲವಾಗುವುದುಂಟು. ಆದ್ದರಿಂದ ಇದನ್ನು ಮೋಸವೆನ್ನಲಾಗದು. ಆದರೆ ಬೆನ್ನ ಮೇಲೆ ಮೂರು ಕಣ್ಣು ಕಾಣಿಸಲೆಂದು ಸೇರಿಸಿದ ಎರಡು ಮೆಗಾಪಿಕ್ಸೆಲಿನ ಮಸೂರಗಳಿವೆಯಲ್ಲ, ಅವು ದೃಷ್ಟಿಬೊಟ್ಟಿನಷ್ಟೇ ಉಪಯೋಗದವು.

ಹುಡುಗರು ಹೇಳದ ಸಂಖ್ಯೆಯೊಂದಿತ್ತು. “ಇದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ?” ಎಂದು ಕೇಳಿದಾಗ ಒಬ್ಬನು ಎರಡೆಂದ, ಒಬ್ಬನು “ಬರ್ತಾನೇ ಇರುತ್ತೆ ಸಾರ್” ಎಂದ, ಇನ್ನೊಬ್ಬನು ಒಳಗೆ ಹೋಗಿ ಕೇಳಿ ಬಂದ. ಮಧ್ಯಮ ಬೆಲೆಯ ಫೋನುಗಳಲ್ಲಿ ನಿಜವಾದ ಅಂತರವಿರುವುದು ಇಲ್ಲಿಯೇ. 2024ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎ16 5ಜಿ ಎಂಬ ಸಾಧಾರಣ ಬೆಲೆಯ ಮಾದರಿಗೆ ಆರು ವರ್ಷದ ದುರಸ್ತಿಯನ್ನು ಘೋಷಿಸಿತು. ಯುರೋಪ್ ಒಕ್ಕೂಟದಲ್ಲಂತೂ 2025ರ ಜೂನ್ 20ರಿಂದ ಕಾನೂನೇ ಆಗಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅದಕ್ಕೆ ತಂತ್ರಾಂಶದ ದುರಸ್ತಿ ಸಿಗಬೇಕು, ಎಂಟುನೂರು ಬಾರಿ ಚಾರ್ಜು ಮಾಡಿದ ಬಳಿಕವೂ ಬ್ಯಾಟರಿಯಲ್ಲಿ ಶೇಕಡಾ 80ರಷ್ಟು ಶಕ್ತಿ ಉಳಿದಿರಬೇಕು. ನಾವು ಇಲ್ಲಿ ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ಹದಿನೆಂಟು ಸಾವಿರದ ಫೋನು ಎರಡು ವರ್ಷ ಬಾಳಿದರೆ ವರ್ಷಕ್ಕೆ ಒಂಬತ್ತು ಸಾವಿರ. ಆರು ವರ್ಷ ಬಾಳಿದರೆ ಮೂರು ಸಾವಿರ. ಇದಕ್ಕಿಂತ ಸುಲಭವಾದ ಲೆಕ್ಕವನ್ನು ನನ್ನ ಪತ್ನಿ ಆರನೆಯ ತರಗತಿಗೂ ಕೊಡುವುದಿಲ್ಲ.

ಇಷ್ಟರಲ್ಲಿ ಅಮ್ಮ ಒಂದು ಮೇಜಿನ ಮುಂದೆ ನಿಂತು ತಾವೇ ಪರೀಕ್ಷೆ ಆರಂಭಿಸಿದ್ದರು. ಮೊದಲು ಒಂದು ಕೈಯಲ್ಲಿ ಹಿಡಿದು ತೂಗಿದರು. ಬೆನ್ನು ಗಾಜಿನಂತೆ ನುಣುಪಾಗಿದ್ದುದನ್ನು, “ಎಣ್ಣೆ ಕೈಯಲ್ಲಿ ಹಿಡಿದರೆ ಜಾರುತ್ತೆ” ಎಂದು ಬದಿಗಿಟ್ಟರು. ಬೆರಳ ಗುರುತಿನಿಂದ ಬೀಗ ತೆರೆಯುವುದನ್ನು ಹುಡುಗ ಹೆಮ್ಮೆಯಿಂದ ತೋರಿಸಿದ. ಅಮ್ಮನ ಹೆಬ್ಬೆಟ್ಟನ್ನು ಫೋನು ಐದು ಬಾರಿಯೂ ನಿರಾಕರಿಸಿತು. ನಲವತ್ತು ವರ್ಷ ಪಾತ್ರೆ ತಿಕ್ಕಿ, ಹುಣಿಸೆಹಣ್ಣು ಕಿವುಚಿ ಸವೆದ ಬೆರಳಿನ ಗೆರೆಗಳು ಯಂತ್ರಕ್ಕೆ ಕಾಣುವುದಿಲ್ಲ. “ನಂಬರ್ ಒತ್ತಿಯೇ ತೆಗೆಯುತ್ತೇನೆ ಬಿಡು” ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾಲ್ವರು ಹುಡುಗರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು:

“ಅದೆಲ್ಲ ಸರಿಯಪ್ಪ. ಇದರಲ್ಲಿ ಒಂದು ಫೋನ್ ಮಾಡಿ ತೋರಿಸು.”

ಮೇಜಿನ ಮೇಲಿನ ಯಾವ ಫೋನಿನಲ್ಲೂ ಸಿಮ್ ಇರಲಿಲ್ಲ. ಮಾತನಾಡಿ ನೋಡಿ ಫೋನು ಕೊಳ್ಳುವವರು ಬಹುಶಃ ವರ್ಷಗಳಿಂದ ಆ ಅಂಗಡಿಗೆ ಬಂದಿರಲಿಲ್ಲ. ಕೊನೆಗೆ ಒಬ್ಬನು ತನ್ನದೇ ಸಿಮ್ ತೆಗೆದು ಹಾಕಿಕೊಟ್ಟ. ಅಮ್ಮ ರಸ್ತೆಗಿಳಿದು, ಆಟೋಗಳ ಗದ್ದಲದ ನಡುವೆ, ಬಿಸಿಲಿನಲ್ಲಿ ನಿಂತು ಅಂಗಡಿಯೊಳಗಿದ್ದ ನನ್ನೊಡನೆ ಮಾತನಾಡಿದರು. ಹೀಗೆ ಮಾಡಿದ್ದರಿಂದ ಒಂದು ಮಾದರಿಯ ಧ್ವನಿ ಕ್ಷೀಣವೆಂದೂ ಮತ್ತೊಂದರ ಪರದೆ ಬಿಸಿಲಿನಲ್ಲಿ ಕಪ್ಪು ಹಲಗೆಯಾಗುತ್ತದೆಂದೂ ಗೊತ್ತಾಯಿತು. ಅಂಗಡಿಯ ದೀಪದಲ್ಲಿ ಎಲ್ಲ ಪರದೆಗಳೂ ಚೆಲುವೆಯರೇ. ಹೊರಗೆ ತಂದು ನೋಡಬೇಕು.

ಮುಂದಿನ ಪರೀಕ್ಷೆ ಕನ್ನಡದ್ದು. ಅದಕ್ಕೆ ಪರೀಕ್ಷಕ ನಾನು. ಆಂಡ್ರಾಯ್ಡ್ ಕನ್ನಡ ಲಿಪಿಯನ್ನು ತೋರಿಸತೊಡಗಿದ್ದು 2012ರ ಆವೃತ್ತಿಯಲ್ಲಿ; ಅದಕ್ಕೆ ಮುಂಚೆ ನಮ್ಮ ಅಕ್ಷರಗಳಿರಬೇಕಾದಲ್ಲಿ ಖಾಲಿ ಚೌಕಗಳು ಸಾಲುಗಟ್ಟಿ ಕೂರುತ್ತಿದ್ದವು. ಈಗ ಇಡೀ ಫೋನನ್ನೇ ಕನ್ನಡಕ್ಕೆ ತಿರುಗಿಸಬಹುದು. ಅಕ್ಷರವನ್ನು ದೊಡ್ಡದು ಮಾಡಿದಾಗ ಒಂದೆರಡು ಮಾದರಿಗಳಲ್ಲಿ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತಿತ್ತು. ಅವನ್ನು ಅಲ್ಲಿಯೇ ನಪಾಸು ಮಾಡಿದೆ. ‘ಅನುಮತಿಸಿ’, ‘ರದ್ದುಮಾಡಿ’ ಎಂಬ ಮಾತುಗಳನ್ನು ಓದಿ ಅಮ್ಮ, “ರದ್ದುಮಾಡಿ ಅಂದರೆ ನನ್ನ ಖಾತೆಯೇ ರದ್ದಾಗುತ್ತದೆಯೇನೋ?” ಎಂದು ಗಾಬರಿಯಾದರು. ‘ಬೇಡ’ ಎಂಬ ಎರಡಕ್ಷರ ಸಾಕಾಗಿದ್ದ ಕಡೆ ಇದೆಂಥ ಕಚೇರಿಯ ಭಾಷೆ! ಅನುವಾದ ಮಾಡಿದ ಪುಣ್ಯಾತ್ಮರು ಒಂದು ದಿನ ತಮ್ಮ ತಾಯಂದಿರ ಪಕ್ಕದಲ್ಲಿ ಕೂತು ನೋಡಬೇಕಾಗಿತ್ತು. ಆದರೆ ಮೈಕಿನ ಗುರುತು ಒತ್ತಿ ಮಾತನಾಡಿದರೆ ಫೋನು ತಾನೇ ಕನ್ನಡದಲ್ಲಿ ಬರೆದುಕೊಳ್ಳುವುದನ್ನು ಕಂಡು ಅವರ ಮುಖ ಅರಳಿತು. ಅವರು ಮೊದಲು ನುಡಿದದ್ದು ನಮ್ಮ ಮನೆಯ ವಿಳಾಸವನ್ನು. ಒಂದೇ ಒಂದು ತಪ್ಪಿನೊಡನೆ ಅದು ಪರದೆಯ ಮೇಲೆ ಮೂಡಿತು.

ಕೊನೆಗೆ ಅವರು ಆರಿಸಿದ ಫೋನಿನ ಬೆಲೆ 17,999 ರೂಪಾಯಿ. ಇದರಲ್ಲಿ ಸುಮಾರು 2,745 ರೂಪಾಯಿ ಸರ್ಕಾರಕ್ಕೆ ಸಲ್ಲುವ ಜಿ.ಎಸ್.ಟಿ.; 2020ರ ಏಪ್ರಿಲ್‌ವರೆಗೆ ಶೇಕಡಾ 12 ಇದ್ದ ತೆರಿಗೆ ಆಗ 18ಕ್ಕೆ ಏರಿತು. ಅಂಗಡಿಯವರು ‘ನೋ ಕಾಸ್ಟ್ ಇ.ಎಂ.ಐ.’ ಎಂಬ ಕಂತಿನ ಏರ್ಪಾಡನ್ನು ಒತ್ತಾಯಪೂರ್ವಕವಾಗಿ ಮುಂದಿಟ್ಟರು. ಬಡ್ಡಿಯೇ ಇಲ್ಲದ ಸಾಲವೆಂಬುದು ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಇಲ್ಲಿ ನಡೆಯುವುದಿಷ್ಟು: ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯೆಂದು ಕಳೆದು, ಬಳಿಕ ಬಡ್ಡಿಯೆಂದು ವಸೂಲು ಮಾಡುತ್ತಾರೆ, ಅದರ ಮೇಲೆ ಸಂಸ್ಕರಣ ಶುಲ್ಕವೂ ಬಡ್ಡಿಯ ಮೇಲಿನ ತೆರಿಗೆಯೂ ಬೀಳಬಹುದು, ರೊಕ್ಕ ಎಣಿಸಿದವರಿಗೆ ಸಿಗಬಹುದಾಗಿದ್ದ ರಿಯಾಯಿತಿಯೂ ತಪ್ಪಬಹುದು. ಅಮ್ಮ ಇದಾವುದನ್ನೂ ಕೇಳಲಿಲ್ಲ. ಕೈಚೀಲದಿಂದ ಕರವಸ್ತ್ರದಲ್ಲಿ ಕಟ್ಟಿದ್ದ ನೋಟುಗಳನ್ನು ತೆಗೆದು ಎಣಿಸಿದರು. ಎಂಟುನೂರು ರೂಪಾಯಿ ಕಡಮೆಯಾಯಿತು. ಆ ಪೆಟ್ಟಿಗೆಯಲ್ಲಿ ಚಾರ್ಜರು ಇರಲಿಲ್ಲವೆಂಬುದು ಬೇರೆ ಮಾತು; ಈಗೀಗ ಎಷ್ಟೋ ಫೋನುಗಳ ಜೊತೆ ಅದು ಬರುವುದಿಲ್ಲ, ಮೊದಲೇ ಕೇಳಿಕೊಳ್ಳಬೇಕು. ನಮ್ಮ ಮನೆಯಲ್ಲಿದ್ದ ಸಿ ಮಾದರಿಯ ಚಾರ್ಜರೇ ಸಾಕಾಯಿತು.

ಪೆಟ್ಟಿಗೆಯ ಮೇಲಿನ ಹದಿನೈದು ಅಂಕೆಗಳ ಐ.ಎಂ.ಇ.ಐ. ಸಂಖ್ಯೆಯೂ, ಫೋನಿನಲ್ಲಿ *#06# ಒತ್ತಿದಾಗ ಕಾಣುವ ಸಂಖ್ಯೆಯೂ, ಬಿಲ್ಲಿನಲ್ಲಿ ಬರೆದಿರುವುದೂ ಒಂದೇ ಆಗಿರಬೇಕು. ಕೆ.ವೈ.ಎಂ. ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳಿಸಿದರೆ ಅದು ಅಸಲಿಯೋ ಅಲ್ಲವೋ ತಿಳಿಯುತ್ತದೆ. ಅಮ್ಮ ಅದನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟರು. ಫೋನು ಕಳೆದುಹೋದರೆ 2023ರಲ್ಲಿ ಆರಂಭವಾದ ಸಂಚಾರ್ ಸಾಥಿ ಎಂಬ ಸರ್ಕಾರಿ ಏರ್ಪಾಡಿನಲ್ಲಿ ಈ ಸಂಖ್ಯೆ ಕೊಟ್ಟು ಅದನ್ನು ನಿಷ್ಪ್ರಯೋಜಕ ಮಾಡಿಸಬಹುದು.

ಹೊಸ ಫೋನು ಬಂದಿತೆಂದು ಎಲ್ಲ ಅಪಾಯವೂ ತೀರಿತೆಂದಲ್ಲ. ತೇಪೆ ಬಿರುಕನ್ನು ಮುಚ್ಚುತ್ತದೆ. ಬಾಗಿಲನ್ನು ನಾವೇ ತೆರೆದುಕೊಟ್ಟರೆ ಅದೇನು ಮಾಡೀತು? ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ವಯಸ್ಸಾದವರನ್ನೇ ಹುಡುಕಿಕೊಂಡು ಬರುತ್ತಾರೆ. ಅಂಥ ಬಂಧನವೇ ನಮ್ಮ ಕಾನೂನಿನಲ್ಲಿಲ್ಲವೆಂದು ಅಮ್ಮನಿಗೆ ಎರಡು ಮೂರು ಸಂಜೆ ಕೂತು ಹೇಳಿದೆವು. ಹಣ ಹೋದರೆ ಒಡನೆ ಕರೆ ಮಾಡಬೇಕಾದ 1930ನ್ನು ಫೋನಿನ ಮೊದಲ ಹೆಸರಾಗಿ ಸೇರಿಸಿದೆವು.

ನವೆಂಬರ್ ಬಂದಿತು. ಪ್ರತಿವರ್ಷ ಆ ತಿಂಗಳು ಪಿಂಚಣಿದಾರರು ತಾವು ಬದುಕಿದ್ದೇವೆಂದು ರುಜುವಾತು ಕೊಡಬೇಕು. ಅಮ್ಮ ಬ್ಯಾಂಕಿನ ಸಾಲಿನಲ್ಲಿ ನಿಂತು, ಯಂತ್ರ ತಮ್ಮ ಹೆಬ್ಬೆಟ್ಟನ್ನು ಒಪ್ಪದೆ, ಕೈ ಒರೆಸಿಕೊಂಡು ಮತ್ತೆ ಮತ್ತೆ ಒತ್ತಿ ಬರುತ್ತಿದ್ದರು. ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆ 2014ರಿಂದ ಇದೆ. 2021ರ ನವೆಂಬರಿನಿಂದ ಅದರಲ್ಲಿ ಬೆರಳಿನ ಬದಲು ಮುಖವನ್ನೇ ತೋರಿಸಬಹುದಾಗಿದೆ. ಅಮ್ಮ ಕಿಟಕಿಯ ಬಳಿ ಬೆಳಕಿಗೆ ಮುಖ ಮಾಡಿ ಕುಳಿತು, ಕುಂಕುಮ ಸರಿಮಾಡಿಕೊಂಡು — ಹೌದು, ತಂದೆಯವರ ಬಳಿಕವೂ ಅವರು ಅದನ್ನು ಬಿಟ್ಟಿಲ್ಲ — ಫೋನನ್ನು ಎತ್ತಿ ಹಿಡಿದರು. ಕಣ್ಣು ಮಿಟುಕಿಸಬೇಕೆಂದಿತು, ಮಿಟುಕಿಸಿದರು. ಆಯಿತು.

ಗುಟ್ಟಿನ ಸಂಖ್ಯೆ ಬಂದಾಗ ಅಭ್ಯಾಸಬಲದಿಂದ ಮಗ ಓಡಿಬಂದು, “ಓದಲಾ ಅಜ್ಜಿ?” ಎಂದು ಕೈ ಚಾಚಿದ. ಅಮ್ಮ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ, “ಬೇಡ ಕಣೋ, ನನಗೇ ಕಾಣುತ್ತೆ” ಎಂದು ಫೋನನ್ನು ಸೆರಗಿನ ಮರೆಗೆ ತಿರುಗಿಸಿಕೊಂಡರು.